ಮೂರು ಜೋಡಿಗಳ ಪಾದ ಬಲ್ಲ ಪಟ್ಟಿ ಅಕ್ಕ

ಶಾಲೆಯ ಮಕ್ಕಳು ಮೊದಲ ಸಲ ಕಂಡ ದಿನ ಪಟ್ಟಿ ಅಕ್ಕನ ಬಾಯಲ್ಲಿ ಐದಾರು ಸಣ್ಣ ಮೊಳೆಗಳಿದ್ದವು. ಬಸ್ ಡಿಪೋದ ಅಂಗಳದಲ್ಲಿ ಹೆಂಗಸರ ಬ್ಯಾಸ್ಕೆಟ್‌ಬಾಲ್ ಪಂದ್ಯವಿತ್ತು. ಅದನ್ನು ತೋರಿಸಲು ಟೀಚರೊಬ್ಬರು ಹುಡುಗಿಯರನ್ನು ಸಾಲಾಗಿ ಕರೆತಂದಿದ್ದರು. ಮೆಟ್ಟಿಲಿಳಿಯುವಾಗ ಒಬ್ಬಳ ಕಾಲು ಹೊರಳಿ, ಅವಳು ಅಲ್ಲೇ ಕುಸಿದು ಕುಳಿತಳು. ಎದುರಿನ ಶೆಡ್ಡಿನಲ್ಲಿ ಬಸ್ಸಿನ ಸೀಟಿಗೆ ರೆಕ್ಸಿನ್ ಹೊದಿಸುತ್ತಿದ್ದ ಹೆಂಗಸು ಸುತ್ತಿಗೆ ಕೆಳಗಿಟ್ಟು ಬಂದಳು. ಮೊಳೆಗಳನ್ನು ತುಟಿಯಲ್ಲೇ ಕಚ್ಚಿಕೊಂಡಿದ್ದರಿಂದ ಮಾತಿಲ್ಲ. ಹುಡುಗಿಯ ಪಾದವನ್ನು ಮಡಿಲಿಗೆಳೆದುಕೊಂಡು ಹೆಬ್ಬೆರಳಿನಿಂದ ನಾಲ್ಕು ಕಡೆ ಒತ್ತಿ ನೋಡಿದಳು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಬಟ್ಟೆಯ ಪಟ್ಟಿಯನ್ನು ಬಿಚ್ಚಿ, ಹಿಮ್ಮಡಿಯಿಂದ ಮೇಲಕ್ಕೆ ಎಂಟರ ಆಕಾರದಲ್ಲಿ ಸುತ್ತಿ ಮುಗಿಸಿದಳು. ಆಮೇಲೆ ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ತೆಗೆದುಕೊಂಡು ಟೀಚರಿಗೆ ಹೇಳಿದಳು.

"ಮೂಳೆ ಸರಿಯಾಗಿದೆ. ಎರಡು ದಿನ ಕುಣಿಯೋದು ಬೇಡ ಅಂತ ಹೇಳಿ. ಕೇಳಲ್ಲ, ಆದ್ರೂ ಹೇಳಿ."

ಅವಳಿಗೆ ತಂದೆತಾಯಿ ಇಟ್ಟ ಹೆಸರೊಂದು ಇದ್ದೇ ಇತ್ತು. ಅದು ಹಾಜರಿ ಪುಸ್ತಕದಲ್ಲಿ ಮಾತ್ರ ಬದುಕಿತ್ತು. ಡಿಪೋದ ಮ್ಯಾನೇಜರಿಂದ ಹಿಡಿದು ಬಸ್ ತೊಳೆಯುವವರವರೆಗೆ ಎಲ್ಲರಿಗೂ ಅವಳು ಪಟ್ಟಿ ಅಕ್ಕ. ಸೀಟು ಹೊಲಿಯುವುದು ಹೊಟ್ಟೆಪಾಡಿನ ಕೆಲಸ. ಡಿಪೋದ ಆಟದ ತಂಡದವರ ಕಾಲಿಗೆ ಪಟ್ಟಿ ಕಟ್ಟುವುದನ್ನು ಯಾರೂ ಅವಳಿಗೆ ಒಪ್ಪಿಸಿದ್ದಲ್ಲ. ತಂಡ ಹುಟ್ಟಿದ ವರ್ಷ, ಆಗ ಇಪ್ಪತ್ತಾರರ ಹರೆಯದ ಅವಳು, ಆಟಗಾರ್ತಿಯೊಬ್ಬಳು ಹರಕು ಬಟ್ಟೆಯನ್ನು ಅಡ್ಡಾದಿಡ್ಡಿ ಸುತ್ತಿಕೊಳ್ಳುವುದನ್ನು ನೋಡಲಾರದೆ ಕೈಯಿಂದ ಕಿತ್ತುಕೊಂಡು ಕಟ್ಟಿದಳು. ಅಂದಿನಿಂದ ಮೂವತ್ತು ವರ್ಷ ಕಟ್ಟುತ್ತಲೇ ಬಂದಳು.

ಅವಳಿಗೆ ಇನ್ನೊಂದು ಕೈಕೆಲಸವೂ ಇತ್ತು. ಸೀಟಿಗೆ ಕತ್ತರಿಸಿ ಉಳಿದ ಫೋಮಿನ ತುಂಡುಗಳಿಂದ ಆಟಗಾರ್ತಿಯರ ಬೂಟಿನೊಳಗೆ ಹಾಕುವ ಮೆತ್ತೆಗಳನ್ನು ಮಾಡಿಕೊಡುತ್ತಿದ್ದಳು. ಪ್ರತಿಯೊಬ್ಬಳನ್ನೂ ರೆಕ್ಸಿನ್ನಿನ ಹಿಂಬದಿಯ ಮೇಲೆ ಬರಿಗಾಲಲ್ಲಿ ನಿಲ್ಲಿಸಿ, ದರ್ಜಿಯ ಸೀಮೆಸುಣ್ಣದಿಂದ ಪಾದದ ಸುತ್ತ ಗೆರೆ ಎಳೆದು, ಅದೇ ಅಳತೆಗೆ ಕತ್ತರಿಸುತ್ತಿದ್ದಳು. ವರ್ಷದ ಪಂದ್ಯಗಳು ಮುಗಿದ ಮೇಲೆ ಸವೆದ ಮೆತ್ತೆಗಳನ್ನು ಹೊರಗೆಳೆದು, ಹಗ್ಗ ಕಟ್ಟಿ, ಒಂದು ಹಳೆಯ ಪೆಟ್ಟಿಗೆಯಲ್ಲಿ ಇಡುತ್ತಿದ್ದಳು. ಏಕೆ ಎಂದು ಕೇಳಿದರೆ, ಮುಂದಿನ ವರ್ಷ ಎಲ್ಲಿ ದಪ್ಪ ಮಾಡಬೇಕು, ಎಲ್ಲಿ ತೆಳ್ಳಗೆ ಮಾಡಬೇಕು ಎಂದು ತಿಳಿಯಬೇಡವೇ ಎನ್ನುತ್ತಿದ್ದಳು. ಹೀಗೆ ಎಲ್ಲರೂ ಆಟವನ್ನು ಚೆಂಡು ಹಾಕುವ ಬಳೆಯ ಹತ್ತಿರ, ಮೇಲೆ ನೋಡಿದರೆ, ಪಟ್ಟಿ ಅಕ್ಕ ಮಾತ್ರ ಅದನ್ನು ಕೆಳಗಿನಿಂದ ಓದುತ್ತಿದ್ದಳು.

ಆ ಡಿಪೋದಲ್ಲಿ ಚಹಾಕ್ಕಿಂತ ಬಿಸಿಯಾಗಿದ್ದದ್ದು ಜೋಡಿಗಳ ಮಾತು. ತಂಡದಲ್ಲಿ ಐದು ಮಂದಿ ಆಡಿದರೂ ಕ್ಯಾಂಟೀನಿನವರಿಗೆ ಕಾಣುತ್ತಿದ್ದದ್ದು ಇಬ್ಬರೇ. ಮೊದಲನೆಯದು ಕತ್ತರಿ ಜೋಡಿ. ಟಿಕೆಟ್ ವಿಭಾಗದ ಇಬ್ಬರು ಗೆಳತಿಯರು ಎರಡು ಬದಿಯಿಂದ ನುಗ್ಗಿ ಎದುರಾಳಿಯನ್ನು ನಡುವೆ ಸಿಕ್ಕಿಸುತ್ತಿದ್ದರಿಂದ ಆ ಹೆಸರು. ಎರಡನೆಯದು ಟಪಾಲು ಮತ್ತು ಕೊಕ್ಕರೆ. ಟಪಾಲು ಎಸೆದ ಚೆಂಡು ಎಂದೂ ವಿಳಾಸ ತಪ್ಪುತ್ತಿರಲಿಲ್ಲ. ಕೊಕ್ಕರೆ ಹಾರಿ ಅದನ್ನು ಗಾಳಿಯಲ್ಲೇ ಹಿಡಿದು ಬಳೆಗೆ ಹಾಕಿ, ಎಡಗಾಲೊಂದರ ಮೇಲೆಯೇ ನೆಲಕ್ಕಿಳಿಯುತ್ತಿದ್ದಳು. ಈಗಿನದು ಗುಂಡುಸೂಜಿ ಮತ್ತು ಏಣಿ. ಗುಂಡುಸೂಜಿ ಬಸ್ ತೊಳೆಯುವ ವಿಭಾಗದ ಗಿಡ್ಡ ಹುಡುಗಿ. ಎಂಥ ಸಂದಿಯಲ್ಲೂ ತೂರಿಕೊಳ್ಳುವವಳು. ಏಣಿ ಟಿಕೆಟ್ ಕೌಂಟರಿನವಳು. ಬಾಗಿಲ ಚೌಕಟ್ಟಿಗೆ ತಲೆ ಬಗ್ಗಿಸಿಯೇ ಒಳಗೆ ಬರುವವಳು.

ಈ ಮೂರರಲ್ಲಿ ಯಾವುದು ಹೆಚ್ಚು ಎಂಬ ವಾದ ಮುಗಿಯುವಂಥದಲ್ಲ. ಕತ್ತರಿಯ ಮುಂದೆ ಗುಂಡುಸೂಜಿ ಎಷ್ಟರದು ಎಂದು ಹಿರಿಯ ಡ್ರೈವರೊಬ್ಬರು ಕೆಣಕಿದರೆ, ಕತ್ತರಿ ತುಕ್ಕು ಹಿಡಿದು ಎಷ್ಟು ಕಾಲವಾಯಿತು ಮಾವ ಎಂದು ಕಂಡಕ್ಟರಮ್ಮ ತಿರುಗಿಸಿ ಕೊಡುತ್ತಿದ್ದಳು. ತಟ್ಟೆ ಲೋಟಗಳನ್ನೇ ಆಟಗಾರ್ತಿಯರಂತೆ ಮೇಜಿನ ಮೇಲೆ ಸರಿಸಿ, ಯಾರ ಪಾಸು ಎಲ್ಲಿಗೆ ಬರುತ್ತಿತ್ತು ಎಂದು ತೋರಿಸುವವರಿದ್ದರು. ಪಟ್ಟಿ ಅಕ್ಕ ಮೂಲೆಯಲ್ಲಿ ಕುಳಿತು ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ತಿನ್ನುತ್ತ ಸುಮ್ಮನೆ ಕೇಳುತ್ತಿದ್ದಳು. ಅವಳು ಬಾಯಿ ಹಾಕದಿರಲು ಕಾರಣವಿತ್ತು. ಕೊಕ್ಕರೆ ಅವಳ ಒಡಹುಟ್ಟಿದ ತಂಗಿ. ಏಣಿ ಆ ತಂಗಿಯ ಮಗಳು.

ಹನ್ನೊಂದು ವರ್ಷ ಚಿಕ್ಕವಳಾದ ಆ ತಂಗಿಯನ್ನು ಅವಳೇ ಎತ್ತಿ ಆಡಿಸಿ ಬೆಳೆಸಿದ್ದಳು. ಅವಳೇ ಡಿಪೋಗೆ ಸೇರಿಸಿದ್ದಳು. ಇಪ್ಪತ್ಮೂರು ವರ್ಷಗಳ ಹಿಂದೆ, ಕೊಕ್ಕರೆಯ ಹದಿನೇಳನೆಯ ಪಂದ್ಯದ ದಿನ, ಕಾಲಿಗೆ ಪಟ್ಟಿ ಕಟ್ಟಿದವಳೂ ಅವಳೇ. ಇನ್ನೂ ಬಿಗಿ ಎಂದಳು ತಂಗಿ. ಅಕ್ಕ ಬಿಗಿದಳು. ಇನ್ನೂ ಎಂದಳು. ಹಲ್ಲು ಕಚ್ಚಿ ಎಳೆದು ಕಟ್ಟಿದಳು. ಆಟದ ನಡುವೆ ಟಪಾಲು ಎಸೆದ ಚೆಂಡಿಗೆ ಕೊಕ್ಕರೆ ಹಾರಿ, ಎಂದಿನಂತೆ ಎಡಗಾಲಿನ ಮೇಲೆ ಇಳಿದಳು. ರೆಕ್ಸಿನ್ ಹರಿದಂಥ ಸದ್ದೊಂದು ಅಂಚಿನಲ್ಲಿ ಕುಳಿತಿದ್ದ ಅಕ್ಕನಿಗೂ ಕೇಳಿಸಿತು. ಪಾದ ಕದಲದಂತೆ ಕಟ್ಟಿದ್ದರಿಂದಲೇ ತಿರುಚು ಮೊಣಕಾಲಿಗೆ ಏರಿತು ಎಂಬುದು ಅವಳ ನಂಬಿಕೆ. ವೈದ್ಯರು ಹಾಗೆಂದು ಹೇಳಲಿಲ್ಲ. ಹಾಗಲ್ಲ ಎಂದೂ ಹೇಳಲಿಲ್ಲ. ತಂಗಿ ಮತ್ತೆ ಅಂಗಳಕ್ಕಿಳಿಯಲಿಲ್ಲ. ಇವತ್ತಿಗೂ ಮೆಟ್ಟಿಲಿಳಿಯಬೇಕಾದರೆ ಕಂಬಿ ಹಿಡಿದು ಅಡ್ಡಡ್ಡಲಾಗಿ ಇಳಿಯುತ್ತಾಳೆ. ಟಪಾಲು ಇನ್ನೊಂದು ವರ್ಷ ಹೇಗೋ ಆಡಿ ಬಿಟ್ಟುಬಿಟ್ಟಳು. ಮುಟ್ಟಬೇಕಾದ ವಿಳಾಸವೇ ಇಲ್ಲವಾದ ಮೇಲೆ ಟಪಾಲು ತಾನೇ ಎಲ್ಲಿಗೆ ಹೋಗಬೇಕು?

ಏಣಿಯ ಮೊದಲ ವರ್ಷದ ಪಂದ್ಯಗಳು ಮುಗಿದಾಗ ಪಟ್ಟಿ ಅಕ್ಕ ವಾಡಿಕೆಯಂತೆ ಬೂಟುಗಳಿಂದ ಮೆತ್ತೆ ಹೊರಗೆಳೆದಳು. ಏಣಿಯ ಎಡಗಾಲಿನದನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಪೆಟ್ಟಿಗೆಯ ತಳದಿಂದ ತಂಗಿಯ ಮೆತ್ತೆಯನ್ನು ಹುಡುಕಿ ತೆಗೆದು ಪಕ್ಕದಲ್ಲಿಟ್ಟಳು. ಇಪ್ಪತ್ಮೂರು ವರ್ಷದ ಫೋಮು ಹಳದಿಗಟ್ಟಿ ಪುಡಿಯಾಗುತ್ತಿತ್ತು. ಆದರೂ ಸವೆತ ಅದೇ. ಹೆಬ್ಬೆರಳಿನ ಬುಡದಲ್ಲಿ, ಒಳಬದಿಗೆ, ಹೆಬ್ಬೆಟ್ಟು ತೂರುವಷ್ಟು ಗುಳಿ. ಹಿಮ್ಮಡಿಯ ಭಾಗ ಮಾತ್ರ ಹೊಸದರಂತೆ ಉಬ್ಬಿಕೊಂಡಿತ್ತು. ಕತ್ತರಿ ಜೋಡಿಯ ಮೆತ್ತೆಗಳೂ ಅಲ್ಲೇ ಇದ್ದವು. ಅವು ಉದ್ದಕ್ಕೂ ಸಮನಾಗಿ ತೆಳುವಾಗಿದ್ದವು. ಅವರಿಬ್ಬರೂ ಆರು ವರ್ಷ ಆಡಿ, ನೆಟ್ಟಗೆ ನಡೆದುಕೊಂಡೇ ಮನೆಗೆ ಹೋದವರು. ಏಣಿ ಮಾತ್ರ ತಾಯಿಯಂತೆಯೇ ಎಡಗಾಲೊಂದರ ಮೇಲೆ ಇಳಿಯುತ್ತಿದ್ದಳು. ಹುಡುಗಿ ತಾಯಿ ಆಡಿದ್ದನ್ನು ಕಂಡವಳಲ್ಲ, ಯಾರೂ ಕಲಿಸಿಕೊಟ್ಟದ್ದೂ ಅಲ್ಲ. ಆ ಇಳಿತ ಹೇಗೋ ಮೈಯಲ್ಲೇ ಬಂದುಬಿಟ್ಟಿತ್ತು.

ಮೊದಲು ಅವಳು ಹೋದದ್ದು ತಂಡಕ್ಕೆ ಆಟ ಕಲಿಸುವ ಬ್ರೇಕ್ ಮೇಸ್ತ್ರಿಯ ಬಳಿಗೆ. ದಿನವಿಡೀ ಬಸ್ಸುಗಳ ಬ್ರೇಕ್ ಸರಿಮಾಡುವ ಆ ಮನುಷ್ಯನಿಗೆ ಅಂಗಳಕ್ಕಿಳಿದರೆ ಬ್ರೇಕ್ ಎಂಬುದೇ ಮರೆತುಹೋಗುತ್ತಿತ್ತು. ಆತ ಎರಡು ಮೆತ್ತೆಗಳನ್ನೂ ತಿರುಗಿಸಿ ಮುರುಗಿಸಿ ನೋಡಿ, ನಕ್ಕು ಹಿಂದಕ್ಕೆ ಕೊಟ್ಟ.

"ಅಕ್ಕ, ಚೆನ್ನಾಗಿ ಓಡ್ತಿರೋ ಗಾಡಿದು ಬಾನೆಟ್ ಎತ್ತಬಾರದು. ನೀವು ಪಟ್ಟಿ ಕಟ್ಟಿ, ನಾನು ಆಟ ಆಡಿಸ್ತೀನಿ."

ಅಕ್ಕ ನಂತರ ಹುಡುಗಿಯನ್ನೇ ಹಿಡಿದಳು. ಏಣಿ ಒಳ್ಳೆಯ ಹುಡುಗಿ. ದೊಡ್ಡಮ್ಮನ ಮಾತನ್ನು ತೆಗೆದುಹಾಕುವವಳಲ್ಲ. ಎರಡು ವಾರ ಶೆಡ್ಡಿನ ಹಿಂದೆ, ರಿಪೇರಿಗೆ ಬಂದ ಸೀಟಿನ ಮೇಲಿನಿಂದ ಸಿಮೆಂಟು ನೆಲಕ್ಕೆ ಎರಡೂ ಕಾಲು ಕೂಡಿಸಿ ಇಳಿಯುವುದನ್ನು ಅಭ್ಯಾಸ ಮಾಡಿದಳು. ಹೊಸ ವರ್ಷದ ಮೊದಲ ಪಂದ್ಯದಲ್ಲೂ ಹಾಗೆಯೇ ಇಳಿಯಲು ಹೊರಟಳು. ಇಳಿಯುವುದನ್ನು ನೆನೆಯುತ್ತ ಹಾರಿದವಳಿಗೆ ಹಾರುವ ಹೊತ್ತು ತಪ್ಪಿತು. ಗುಂಡುಸೂಜಿಯ ಪಾಸುಗಳು ಅವಳ ಬೆರಳ ತುದಿ ಸವರಿ ಹೊರಗೆ ಹೋದವು. ಯಾರ ಲೆಕ್ಕಕ್ಕೂ ಇಲ್ಲದ ತಂಡದ ಕೈಯಲ್ಲಿ ಡಿಪೋ ಸೋತಿತು. ಗುಂಡುಸೂಜಿ ಕಾಲಿನ ಪಟ್ಟಿ ಬಿಚ್ಚಿಸಿಕೊಳ್ಳಲು ಬಂದು ಕುಳಿತು, ಮುಖ ಊದಿಸಿಕೊಂಡೇ ಹೇಳಿದಳು.

"ಅಕ್ಕ, ನೀವು ಅವಳ ಕಾಲು ತಿದ್ದೋಕೆ ಹೋದ್ರಿ, ನನ್ನ ಕೈ ಕೆಟ್ಟುಹೋಯ್ತು. ಅವಳು ಎಡಗಾಲಲ್ಲಿ ಕುಪ್ಪಳಿಸೋ ಹೊತ್ತು ನೋಡ್ಕೊಂಡೇ ನಾನು ಚೆಂಡು ಬಿಡೋದು."

ಅಕ್ಕ ಬಿಚ್ಚಿದ ಪಟ್ಟಿಯನ್ನು ಸುರುಳಿ ಸುತ್ತಿದಳು. ಒಬ್ಬಳ ಕಾಲು ಇನ್ನೊಬ್ಬಳ ಕೈಗೆ ಹೀಗೆ ಗಂಟು ಬಿದ್ದಿರುತ್ತದೆಂದು ಅವಳು ಎಣಿಸಿರಲಿಲ್ಲ. ಮುಂದಿನ ಪಂದ್ಯಕ್ಕೆ ಏಣಿ ಮತ್ತೆ ತನ್ನ ಹಳೆಯ ರೀತಿಗೇ ಬಂದಳು. ತಂಡ ಮತ್ತೆ ಗೆಲ್ಲತೊಡಗಿತು.

ಅಷ್ಟರಲ್ಲಿ ತಂಡ ಹುಟ್ಟಿ ಮೂವತ್ತು ವರ್ಷ ತುಂಬಿತು. ಕ್ಯಾಂಟೀನಿನ ಮೇಜುಗಳನ್ನು ಗೋಡೆಗೆ ಸರಿಸಿ, ಬಸ್ಸಿನ ಸೀಟುಗಳನ್ನು ಸಾಲಾಗಿ ಜೋಡಿಸಿ ಒಂದು ಸಭೆ ಮಾಡಿದರು. ಮೂರು ಜೋಡಿಗಳನ್ನು ಹೋಲಿಸಿ ಯಾರಾದರೂ ಮಾತಾಡಬೇಕು, ಅದಕ್ಕೆ ಮೂರೂ ಜೋಡಿಯ ಪಾದ ಮುಟ್ಟಿದ ಪಟ್ಟಿ ಅಕ್ಕನೇ ತಕ್ಕವಳು ಎಂದು ಉಗ್ರಾಣದ ಗುಮಾಸ್ತರು ಸೂಚಿಸಿದರು. ಸಭೆಯೆಂದರೆ ನಾಲಿಗೆ ಒಣಗುವ ಹೆಂಗಸು ಈ ಸಲ ಮಾತ್ರ ತಟಕ್ಕನೆ ಒಪ್ಪಿಕೊಂಡಳು. ಒಬ್ಬೊಬ್ಬರಿಗೆ ಹೇಳಿದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ. ನೂರು ಜನರ ಎದುರಿಗೆ ಹೇಳಿದರೆ ಮೇಸ್ತ್ರಿ ಹೇಗೆ ತಳ್ಳಿಹಾಕುತ್ತಾನೆ ನೋಡೋಣ ಎಂಬ ಎಣಿಕೆ ಅವಳದು. ಮೂರು ದಿನ ಹೊಲಿಗೆ ಯಂತ್ರದ ಮುಂದೆ ತುಟಿಯಾಡಿಸುತ್ತ ಮಾತನ್ನು ಹದಮಾಡಿಕೊಂಡಳು.

ಸಭೆಯ ದಿನ ಮುಂದಿನ ಸಾಲಿನಲ್ಲಿ ಕತ್ತರಿ ಜೋಡಿ ಕುಳಿತಿತ್ತು. ಪಕ್ಕದಲ್ಲಿ ಎಡಗಾಲನ್ನು ಮುಂದಕ್ಕೆ ಚಾಚಿಕೊಂಡು ತಂಗಿ. ಪಟ್ಟಿ ಅಕ್ಕ ಎದ್ದು ನಿಂತು, ಸೆರಗಿನಿಂದ ಕೈ ಒರೆಸಿಕೊಂಡು, ಕತ್ತರಿ ಜೋಡಿ ನೆಲದ ಮೇಲೆ ಆಡಿದವರು ಎಂದಳು. ಜನ ತಲೆದೂಗಿದರು. ಟಪಾಲಿನ ಕೈಯಂಥ ಕೈ ಈಗ ಗುಂಡುಸೂಜಿಯದು ಎಂದಳು. ಗುಂಡುಸೂಜಿ ನಾಚಿ ತಲೆ ತಗ್ಗಿಸಿದಳು. ಅನಂತರ ಅಕ್ಕ ಹೇಳಬೇಕಾದದ್ದಕ್ಕೆ ಬಂದಳು.

"ಏಣಿ ಇಳಿಯೋದು ಥೇಟ್ ಅವಳಮ್ಮನ ಹಾಗೆ. ಅದೇ ಎಡಗಾಲು, ಅದೇ ಒಂಟಿಕಾಲು. ನಾನು ಎರಡೂ ಪಾದ ನೋಡಿದೀನಿ, ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ."

ಅದಕ್ಕೇ ನನಗೆ ಭಯ ಎಂಬುದು ಮುಂದಿನ ಮಾತು. ಅದನ್ನು ಆಡುವಷ್ಟರಲ್ಲಿ ಕ್ಯಾಂಟೀನಿನ ಸೂರು ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಮೂವತ್ತು ವರ್ಷ ಜೋಡಿಗಳನ್ನು ಹೋಲಿಸುತ್ತ ಬಂದ ಆ ಜನರ ಬಾಯಲ್ಲಿ ಹಳಬರ ಹಾಗೆ ಎಂಬುದಕ್ಕೆ ಒಂದೇ ಅರ್ಥವಿತ್ತು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರಿಗೆ ಗೊತ್ತಿರಲಿಲ್ಲ. ಬಾಯಿ ಬಿಡದ ಪಟ್ಟಿ ಅಕ್ಕನೇ ಹೀಗೆಂದಳಲ್ಲ ಎಂದು ಹಿರಿಯ ಡ್ರೈವರು ಎದ್ದು ನಿಂತು ಕೈ ಮುಗಿದರು. ತಂಗಿ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಸಂತೋಷದಿಂದ ಅಳುತ್ತಿದ್ದಳು. ಅಕ್ಕ ಮತ್ತೆರಡು ಸಲ ಬಾಯಿ ತೆರೆದಳು. ಗುಮಾಸ್ತರು ಆಗಲೇ ಅವಳ ಹೆಗಲು ಹಿಡಿದು ಕೂರಿಸಿ, ಮುಂದಿನವರನ್ನು ಕರೆದಿದ್ದರು.

ಮರುದಿನ ಸೂಚನಾ ಫಲಕದಲ್ಲಿ ದಪ್ಪಕ್ಷರದಲ್ಲಿ ಅದೇ ಮಾತು: ಥೇಟ್ ಅವಳಮ್ಮನ ಹಾಗೆ. ಅದರ ಮರುದಿನ ಎರಡು ಬಸ್ಸುಗಳ ಹಿಂದಿನ ಗಾಜಿಗೂ ಅದು ಏರಿತು. ಮೇಸ್ತ್ರಿ ಹೊಸದೊಂದು ಆಟದ ಕ್ರಮ ಕಟ್ಟಿದ. ಹಿಂದೆ ಪಂದ್ಯಕ್ಕೆ ಹತ್ತು ಸಲ ಹಾರುತ್ತಿದ್ದ ಹುಡುಗಿ ಈಗ ಇಪ್ಪತ್ತು ಸಲ ಹಾರಬೇಕು. ತಾಯಿಯ ಆಟ ನೋಡಲು ಸಿಗದವರಿಗೆ ಮಗಳದಾದರೂ ಕಣ್ತುಂಬ ಸಿಗಲಿ ಎಂದು ಆತ ಅಕ್ಕನಿಗೇ ವಿವರಿಸಿದ. ತಾನು ಹಿಡಿದು ನಿಲ್ಲಿಸಲು ಹೋದದ್ದನ್ನು ತಾನೇ ತಳ್ಳಿದಂತಾಯಿತಲ್ಲ ಎಂದು ಅವಳು ಕೈ ಕೈ ಹಿಸುಕಿಕೊಂಡಳು.

ಉಳಿದವಳೆಂದರೆ ತಂಗಿ. ನೋವು ತಿಂದವಳಿಗೆ ಬಿಡಿಸಿ ಹೇಳಬೇಕಾಗಿಲ್ಲ ಎಂದುಕೊಂಡು ಒಂದು ರಜೆಯ ಬೆಳಿಗ್ಗೆ ಅವಳ ಮನೆಗೆ ಹೋದಳು. ನೆಲಮಹಡಿಯ ಎರಡು ಕೋಣೆಯ ಮನೆ. ಮೆಟ್ಟಿಲು ಬೇಡವೆಂದೇ ಹುಡುಕಿ ಹಿಡಿದದ್ದು. ತಂಗಿ ಮಗಳ ಆಟದ ಅಂಗಿಯನ್ನು ಒಗೆದು ಇಸ್ತ್ರಿ ಮಾಡುತ್ತಿದ್ದಳು. ಬೆನ್ನಿನ ಹನ್ನೊಂದು ಎಂಬ ಸಂಖ್ಯೆಯ ಮೇಲೆ ಬಿಸಿ ತಾಗದಂತೆ ಬಟ್ಟೆ ಹಾಸಿಕೊಂಡಿದ್ದಳು. ಅಕ್ಕ ಮೆತ್ತೆಗಳ ಸಂಗತಿಯನ್ನು ಮೊದಲಿನಿಂದ ಹೇಳಿದಳು. ತಂಗಿ ಕೈ ನಿಲ್ಲಿಸದೆ ಪೂರ್ತಿ ಕೇಳಿದಳು.

"ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ?" ಎಂದಳು. "ಮೊದಲ ದಿನವೇ ನೋಡ್ದೆ."

"ನೋಡಿ ಸುಮ್ನಿದ್ಯಾ?"

"ಅಕ್ಕ, ನನ್ನ ಕಾಲು ಹೋಗಿದ್ದು ಹದಿನೇಳನೇ ಪಂದ್ಯದಲ್ಲಿ. ನೀನು ಅವತ್ತಿಂದ ಅದೊಂದನ್ನೇ ಹಿಡ್ಕೊಂಡಿದೀಯ. ಅದಕ್ಕೆ ಮುಂಚೆ ಹದಿನಾರು ಆಡಿದ್ನಲ್ಲ. ಈ ಇಪ್ಪತ್ಮೂರು ವರ್ಷ ನಾನು ಬದುಕಿರೋದು ಆ ಹದಿನಾರರ ಮೇಲೆ."

ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿಟ್ಟು, ಅವಳು ಅಂಗಿಯನ್ನು ಮಡಚಿದಳು. "ಅವಳಿಗೆ ನಾನು ಹಾರಬೇಡ ಅಂತ ಹೇಗೆ ಹೇಳ್ಲಿ? ನೀನೇ ಹೇಳು, ಯಾವ ಬಾಯಲ್ಲಿ ಹೇಳ್ಲಿ?"

ಅಕ್ಕ ಆ ದಿನ ಅಲ್ಲಿ ಒಂದು ಲೋಟ ನೀರು ಕುಡಿದು ಎದ್ದು ಬಂದಳು. ಜಗಳವಾಗಿದ್ದರೆ ಒಳ್ಳೆಯದಿತ್ತು ಎಂದು ಆಮೇಲೆ ಅನ್ನಿಸಿತು. ಜಗಳಕ್ಕೆ ನಾಳೆ ಒಂದು ಉತ್ತರ ಹುಡುಕಬಹುದಿತ್ತು.

ಉಪಾಂತ್ಯ ಪಂದ್ಯದ ಸಂಜೆ ಏಣಿ ದೊಡ್ಡಮ್ಮನ ಮುಂದೆ ಎಡಗಾಲು ಚಾಚಿ ಕುಳಿತಳು. ಅಕ್ಕ ಸುತ್ತತೊಡಗಿದಳು. ತಂಗಿಯ ಕಾಲು ಹೋದಂದಿನಿಂದ ಅವಳು ಯಾರಿಗೂ ಬಿಗಿಯಾಗಿ ಕಟ್ಟಿದವಳಲ್ಲ. ಒಂದು ಬೆರಳು ಆಡುವಷ್ಟು ಸಡಿಲ ಬಿಡುತ್ತಿದ್ದಳು. ಹುಡುಗಿ ಪಾದ ಅಲುಗಿಸಿ ನೋಡಿದಳು.

"ದೊಡ್ಡಮ್ಮ, ಜಾರ್ತಿದೆ. ಇನ್ನೂ ಬಿಗಿ."

"ಇಷ್ಟೇ ಸಾಕು."

"ಕಾಲು ಒಳಗೇ ಹೊರಳಿದ ಹಾಗಾಗುತ್ತೆ. ನೀನು ಕಟ್ಟದಿದ್ರೆ ನಾನೇ ಕಟ್ಕೋತೀನಿ, ನನಗೆ ಸರಿಯಾಗಿ ಬರಲ್ಲ ಅಷ್ಟೇ."

ಹೊರಗೆ ಸೀಟಿ ಊದಿದರು. ಪಟ್ಟಿ ಸಡಿಲವಾದರೆ ಪಾದದ ಕೀಲು ಹೊರಳೀತು, ಬಿಗಿಯಾದರೆ ಮೊಣಕಾಲು. ಹುಡುಗಿ ತಾನೇ ಕಟ್ಟಿಕೊಂಡರೆ ಎರಡೂ. ಅಕ್ಕನ ಕೈಗಳು ಪಟ್ಟಿಯನ್ನು ಬಿಚ್ಚಿದವು, ಮತ್ತೆ ಸುತ್ತಿದವು, ಹುಡುಗಿ ಸಾಕು ಎನ್ನುವವರೆಗೂ ಎಳೆದವು. ಏಣಿ ಬಗ್ಗಿ ದೊಡ್ಡಮ್ಮನ ನೆತ್ತಿಗೆ ಗಲ್ಲ ತಾಗಿಸಿ ಓಡಿಹೋದಳು.

ಆ ಸಂಜೆ ಅವಳು ಇಪ್ಪತ್ತೆರಡು ಸಲ ಹಾರಿದಳು. ಇಪ್ಪತ್ತೆರಡು ಸಲವೂ ಎಡಗಾಲಿನ ಮೇಲೆ ಇಳಿದಳು. ಏನೂ ಆಗಲಿಲ್ಲ. ಡಿಪೋ ಗೆದ್ದಿತು, ಅಂತಿಮ ಪಂದ್ಯವನ್ನೂ ಗೆದ್ದಿತು. ಗೆದ್ದ ಮೇಲೆ, ಮೇಸ್ತ್ರಿಯ ಬಾಯಿಂದ ಹೊರಬಿದ್ದ ಪಟ್ಟಿ ಅಕ್ಕನ ಭಯ ಕ್ಯಾಂಟೀನಿಗೆ ಒಂದು ತಮಾಷೆಯಾಯಿತು. ಅಕ್ಕ, ಈ ಕುರ್ಚಿಗೂ ಒಂಟಿಕಾಲು, ನೋಡಿ ಕೂತ್ಕೊಳ್ಳಿ ಎಂದು ಕಂಡಕ್ಟರಮ್ಮ ರೇಗಿಸಿದರೆ ಎಲ್ಲರೂ ನಗುತ್ತಿದ್ದರು. ಅಕ್ಕನೂ ನಗುತ್ತಿದ್ದಳು. ಅವಳಿಗೆ ಅವರ ಮೇಲೆ ಸಿಟ್ಟಿರಲಿಲ್ಲ. ತನ್ನ ಮಾತು ಸುಳ್ಳಾಗಲಿ ಎಂದು ದಿನವೂ ಬೇಡಿಕೊಳ್ಳುವವಳು ಅದು ನಿಜವೆಂದು ಯಾರೊಡನೆ ವಾದಿಸಬೇಕು?

ಮೂರು ತಿಂಗಳ ಬಳಿಕ ದೂರದ ನಗರದ ದೊಡ್ಡ ತಂಡವೊಂದು ಏಣಿಯನ್ನು ಆರಿಸಿಕೊಂಡಿತು. ಗುಂಡುಸೂಜಿಯನ್ನು ಕರೆಯಲಿಲ್ಲ, ಅಂಥ ಗಿಡ್ಡ ಹುಡುಗಿಯರು ಅವರಲ್ಲಿ ಬೇಕಾದಷ್ಟಿದ್ದರಂತೆ. ಹೊರಡುವ ದಿನ ಅಕ್ಕ ಹೊಸ ಮೆತ್ತೆಗಳನ್ನು ಮಾಡಿ, ಎಡಗಾಲಿನದಕ್ಕೆ ಒಳಬದಿಯಲ್ಲಿ ಎರಡು ಪದರ ಹೆಚ್ಚು ಕೂಡಿಸಿ, ಚೀಲದಲ್ಲಿಟ್ಟು ಕಳಿಸಿದಳು. ವಾರದ ನಂತರ ಫೋನಿನಲ್ಲಿ ಹುಡುಗಿ ಹಿಂಜರಿಯುತ್ತಲೇ ತಿಳಿಸಿದಳು: ಇಲ್ಲಿ ಬೂಟನ್ನೂ ಮೆತ್ತೆಯನ್ನೂ ತಂಡದವರೇ ಕೊಡುತ್ತಾರೆ, ಬೇರೆಯದನ್ನು ಹಾಕಿಕೊಳ್ಳಲು ಬಿಡುವುದಿಲ್ಲ. ಕಾಲು ನೋಡುವವರೂ ಬೇರೆ ಇದ್ದಾರೆ, ಓದಿದವರು, ಯಂತ್ರವಿಟ್ಟು ನೋಡುತ್ತಾರೆ. ಒಳ್ಳೆಯದಾಯಿತು ಎಂದಳು ಅಕ್ಕ. ನೀನು ಇಳಿಯುವ ಬಗೆಗೆ ಅವರೇನಾದರೂ ಹೇಳಿದರೇ ಎಂದು ಕೇಳಿದಳು. ಹುಡುಗಿ ನಕ್ಕು, ಅವರು ಎಷ್ಟು ಎತ್ತರ ಹಾರ್ತೀನಿ ಅಂತ ಅಳೆದ್ರು ದೊಡ್ಡಮ್ಮ, ಎಂದಳು.

ಪಟ್ಟಿ ಅಕ್ಕ ಈಗಲೂ ಸೀಟು ಹೊಲಿಯುತ್ತಾಳೆ. ನಿವೃತ್ತಿಗೆ ಇನ್ನು ಎರಡು ವರ್ಷವಿದೆ. ಪಂದ್ಯವಿದ್ದ ದಿನ ಡಿಪೋ ಹುಡುಗಿಯರ ಕಾಲಿಗೆ ಪಟ್ಟಿ ಕಟ್ಟುತ್ತಾಳೆ. ಗುಂಡುಸೂಜಿಗೆ ಹೊಸ ಜೊತೆಗಾರ್ತಿ ಸಿಕ್ಕಿದ್ದಾಳೆ. ಅವಳು ಏಣಿಯ ಹಾಗೆ ಹೌದೋ ಅಲ್ಲವೋ ಎಂಬ ಚರ್ಚೆ ಕ್ಯಾಂಟೀನಿನಲ್ಲಿ ಬಿರುಸಾಗಿದೆ. ಯಾರಾದರೂ ಅಕ್ಕನ ಅಭಿಪ್ರಾಯ ಕೇಳಿದರೆ, ನನಗೆ ಆಟ ಗೊತ್ತಿಲ್ಲಪ್ಪ ಎಂದುಬಿಡುತ್ತಾಳೆ.

ದೊಡ್ಡ ತಂಡದ ಆಟವಿದ್ದ ಸಂಜೆ ಕೆಲಸ ಮುಗಿಸಿ ನೇರವಾಗಿ ತಂಗಿಯ ಮನೆಗೆ ಹೋಗುತ್ತಾಳೆ. ಆ ಪಂದ್ಯಗಳ ಚಿತ್ರ ಸಿಗುವುದಿಲ್ಲ; ಫೋನಿನಲ್ಲಿ ವಿವರಣೆ ಮಾತ್ರ ಕೇಳುತ್ತದೆ. ಮೇಜಿನ ಮೇಲೆ ಫೋನಿಟ್ಟು ಅಕ್ಕತಂಗಿಯರು ಎದುರುಬದುರಾಗಿ ಕೂರುತ್ತಾರೆ. ಅಲ್ಲೂ ಏಣಿಯ ಸಂಖ್ಯೆ ಹನ್ನೊಂದೇ. ಹನ್ನೊಂದನೇ ನಂಬರು ಹಾರಿದಳು ಎಂದು ಹೇಳುವವನ ದನಿ ಏರುತ್ತದೆ, ಚೆಂಡು ಒಳಗೆ ಎನ್ನುತ್ತಾನೆ, ತಂಗಿ ತೊಡೆ ತಟ್ಟಿಕೊಳ್ಳುತ್ತಾಳೆ. ಹುಡುಗಿ ನೆಲಕ್ಕೆ ಹೇಗೆ ಇಳಿದಳೆಂದು ಅವನು ಯಾವತ್ತೂ ಹೇಳುವುದಿಲ್ಲ. ಅವನು ಆಗಲೇ ಚೆಂಡಿನ ಜೊತೆ ಆಚೆ ಬದಿಗೆ ಓಡಿರುತ್ತಾನೆ. ನಾಲ್ಕನೆಯವಳಿಂದ ಏಳನೆಯವಳಿಗೆ, ಏಳನೆಯವಳಿಂದ ಒಂಬತ್ತನೆಯವಳಿಗೆ ಎನ್ನುತ್ತಾನೆ. ಪಟ್ಟಿ ಅಕ್ಕ ಮೇಜಿನ ಅಂಚು ಹಿಡಿದು, ಅವನ ಬಾಯಲ್ಲಿ ಹನ್ನೊಂದು ಎಂಬುದು ಮತ್ತೊಮ್ಮೆ ಬರುವುದನ್ನು ಕಾಯುತ್ತ ಕುಳಿತಿರುತ್ತಾಳೆ.